ಮಳೆಗಾಲದಲ್ಲೂ ಮೆತ್ತಗಾಗದ ಗೇರುಬೀಜದ ಬಿಸ್ಕತ್ತು: ನನ್ನ ಅನುಭವ

ಪುತ್ತೂರಿನ ನಮ್ಮ ಮನೆಯಲ್ಲಿ ಗೇರುಬೀಜಕ್ಕೆ ಬರವಿಲ್ಲ. ಆದರೆ ಜೂನ್ ತಿಂಗಳು ಬಂದಿತೆಂದರೆ ಗಾಳಿಯಲ್ಲಿ ಎಷ್ಟು ತೇವವಿರುತ್ತದೆಯೆಂದರೆ, ಬೆಳಿಗ್ಗೆ ಡಬ್ಬಿಗೆ ತುಂಬಿದ ಕುರುಕಲು ತಿಂಡಿ ಸಂಜೆಯೊಳಗೆ ಬಾಡಿರುತ್ತದೆ. ನಾಲ್ಕು ವರ್ಷಗಳ ಹಿಂದೆ ನಾನು ಮೊದಲ ಬಾರಿಗೆ ಮಾಡಿದ ಬಿಸ್ಕತ್ತುಗಳ ಗತಿಯೂ ಅದೇ ಆಯಿತು. ಇನ್ನೂ ಉಗುರುಬೆಚ್ಚಗಿದ್ದಾಗಲೇ ಅವನ್ನು ಸ್ಟೀಲ್ ಡಬ್ಬಿಗೆ ಹಾಕಿ ಮುಚ್ಚಿದ್ದೆ. ಮರುದಿನ ತೆರೆದಾಗ ಮುಚ್ಚಳದ ಒಳಬದಿಯಲ್ಲಿ ನೀರಹನಿಗಳು ಸಾಲುಗಟ್ಟಿದ್ದವು. “ಬಿಸಿ ಆರುವ ಮೊದಲೇ ಮುಚ್ಚಿದರೆ ಚಕ್ಕುಲಿಯೇ ಉಳಿಯುವುದಿಲ್ಲ, ಇನ್ನು ಇದು ಉಳಿದೀತೇ ಮಗಾ?” ಎಂದು ಅತ್ತೆ ಕೇಳಿದ್ದರು.

ಈಗ ನಾನು ಬಳಸುವ ಅಳತೆ ಹೀಗಿದೆ: 200 ಗ್ರಾಂ ಮೈದಾ, 120 ಗ್ರಾಂ ಉಪ್ಪಿಲ್ಲದ ಬೆಣ್ಣೆ, 90 ಗ್ರಾಂ ಪುಡಿ ಸಕ್ಕರೆ, 100 ಗ್ರಾಂ ಗೇರುಬೀಜ, ಚಿಟಿಕೆ ಉಪ್ಪು ಮತ್ತು ಸ್ವಲ್ಪ ಏಲಕ್ಕಿ ಪುಡಿ. ಇಡೀ ಬೀಜವೇ ಆಗಬೇಕೆಂದಿಲ್ಲ, ಕಡಿಮೆ ಬೆಲೆಗೆ ಸಿಗುವ ತುಂಡುಗಳೇ ಸಾಕು. ಅವನ್ನು 150 ಡಿಗ್ರಿಯಲ್ಲಿ ಎಂಟು ನಿಮಿಷ ಹುರಿದು, ಪೂರ್ತಿ ಆರಿದ ಮೇಲೆ ಒಂದು ಚಮಚ ಸಕ್ಕರೆಯೊಂದಿಗೆ ಮಿಕ್ಸಿಯಲ್ಲಿ ಬಿಟ್ಟು ಬಿಟ್ಟು ತಿರುಗಿಸಿ ತರಿತರಿಯಾಗಿ ಮಾಡಿಕೊಳ್ಳುತ್ತೇನೆ. ಒಂದೇ ಸಮನೆ ತಿರುಗಿಸಿದರೆ ಬೀಜ ಬಿಸಿಯಾಗಿ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಬೆಣ್ಣೆ ಮತ್ತು ಸಕ್ಕರೆಯನ್ನು ಬಣ್ಣ ತಿಳಿಯಾಗುವವರೆಗೆ ನೊರೆ ಬರಿಸಿ, ಉಳಿದದ್ದನ್ನೆಲ್ಲ ಸೇರಿಸಿ, ನಾದದೆ ಒಟ್ಟುಗೂಡಿಸಿ, ಹಿಟ್ಟನ್ನು ಅರ್ಧ ಗಂಟೆ ಫ್ರಿಜ್‌ನಲ್ಲಿಡುತ್ತೇನೆ.

ಇಷ್ಟು ಹಿಟ್ಟಿಗೆ ಸುಮಾರು ಮೂವತ್ತು ಬಿಸ್ಕತ್ತುಗಳಾಗುತ್ತವೆ. ಮೊದಲೇ ಕಾಯಿಸಿದ ಓವನ್‌ನಲ್ಲಿ 160 ಡಿಗ್ರಿಗೆ ಹದಿನೆಂಟರಿಂದ ಇಪ್ಪತ್ತು ನಿಮಿಷ ಬೇಕು. ಮೇಲ್ಭಾಗ ಬಿಳಿಯಾಗಿಯೇ ಇದ್ದರೂ ಚಿಂತೆಯಿಲ್ಲ, ಒಂದನ್ನು ಎತ್ತಿ ತಳ ನೋಡಬೇಕು. ತಳದ ಅಂಚು ಹೊಂಬಣ್ಣಕ್ಕೆ ತಿರುಗಿರದಿದ್ದರೆ ಒಳಗೆ ತೇವ ಉಳಿದಿದೆಯೆಂದೇ ಅರ್ಥ, ಅಂಥದ್ದನ್ನು ಯಾವ ಡಬ್ಬಿಯೂ ಕಾಪಾಡದು. ಹೊರತೆಗೆದಾಗ ಅವು ಮೆತ್ತಗಿರುವುದು ಸಹಜ. ಐದು ನಿಮಿಷ ತಟ್ಟೆಯಲ್ಲೇ ಬಿಟ್ಟು, ಆಮೇಲೆ ತಂತಿಯ ಜಾಲರಿಯ ಮೇಲೆ ಹರಡಿ, ಒಂದು ಗಂಟೆಯ ನಂತರ ತಳವನ್ನು ಕೆನ್ನೆಗೆ ತಾಗಿಸಿ ನೋಡುತ್ತೇನೆ. ಬೆರಳಿಗೆ ತಿಳಿಯದ ಬಿಸಿ ಕೆನ್ನೆಗೆ ತಿಳಿಯುತ್ತದೆ.

ದಾಸ್ತಾನಿಗೆ ರಬ್ಬರ್ ಪಟ್ಟಿಯಿರುವ ಗಾಜಿನ ಭರಣಿಗಳನ್ನು ಬಳಸುತ್ತೇನೆ. ಒಂದೇ ದೊಡ್ಡ ಭರಣಿಯನ್ನು ದಿನಕ್ಕೆ ಹತ್ತು ಸಲ ತೆರೆಯುವುದಕ್ಕಿಂತ ಮೂರು ಚಿಕ್ಕ ಭರಣಿಗಳನ್ನು ತುಂಬಿಟ್ಟು ಒಂದೊಂದಾಗಿ ತೆರೆಯುವುದು ಮೇಲು. ಗೇರುಬೀಜದ ಎಣ್ಣೆ ಗಾಳಿ, ಬೆಳಕು ಮತ್ತು ಶಾಖ ತಾಗಿದಷ್ಟೂ ಬೇಗ ಕಮಟು ವಾಸನೆ ಹಿಡಿಯುವುದರಿಂದ ಭರಣಿಗಳನ್ನು ಒಲೆಯ ಬಳಿ ಇಡದೆ ಕತ್ತಲೆಯ ಕಪಾಟಿನಲ್ಲಿಡುತ್ತೇನೆ. ಅಕ್ರೋಟು ಹಾಕಿ ಮಾಡಿದವು ಇನ್ನೂ ಬೇಗ ಕೆಡುತ್ತವೆ, ಅವನ್ನು ವಾರದೊಳಗೆ ಮುಗಿಸಬೇಕು. ಗೇರುಬೀಜದವು ನಮ್ಮಲ್ಲಿ ಎರಡು ವಾರ ಚೆನ್ನಾಗಿಯೇ ಇರುತ್ತವೆ. ಕೇಕಿನಂತಹ ಮೆತ್ತಗಿನ ತಿಂಡಿಯನ್ನು ಮಾತ್ರ ಜೊತೆಗೆ ಹಾಕಬಾರದು. ಅದರ ತೇವವನ್ನೆಲ್ಲ ಬಿಸ್ಕತ್ತು ಹೀರಿಕೊಳ್ಳುತ್ತದೆ.

ಹಾಗೂ ಮೆತ್ತಗಾದರೆ 150 ಡಿಗ್ರಿಯಲ್ಲಿ ಐದು ನಿಮಿಷ ಬಿಸಿ ಮಾಡಿ ಪುನಃ ಆರಿಸಿದರೆ ಗರಿಗರಿಯಾಗುತ್ತವೆ. ಆಟಿ ತಿಂಗಳ (ಜುಲೈ-ಆಗಸ್ಟ್) ಜಡಿಮಳೆಯಲ್ಲಂತೂ ನಾನು ಎಲ್ಲವನ್ನೂ ಒಮ್ಮೆಗೇ ಬೇಯಿಸುವುದಿಲ್ಲ. ಅರ್ಧ ಹಿಟ್ಟನ್ನು ಉರುಳೆಯಾಗಿ ಸುತ್ತಿ ಫ್ರೀಜರ್‌ನಲ್ಲಿಟ್ಟಿರುತ್ತೇನೆ; ನೆಂಟರು ಬಂದ ದಿನ ಅದನ್ನು ಹತ್ತು ನಿಮಿಷ ಹೊರಗಿಟ್ಟು, ಬಿಲ್ಲೆಗಳಾಗಿ ಕತ್ತರಿಸಿ, ಎರಡು ನಿಮಿಷ ಹೆಚ್ಚಿಗೆ ಬೇಯಿಸುತ್ತೇನೆ.