ಯಾರ್ಡ್ ಸರ್ಕಾರದ್ದು, ನಡೆಸೋದು ನಾವು: ವಾಲ್ವ್ ಶಾಪ್ ವಹಿಸಿಕೊಂಡ ನನ್ನ ಅನುಭವ

"ತುಮಕೂರಲ್ಲಿ ಕೂತು ಹಡಗಿನ ಕೆಲಸನಾ? ಅಮಾನಿಕೆರೇಲಿ ಬಿಡ್ತೀಯಾ ಹಡಗು?" ಎಂದು ಅಂತರಸನಹಳ್ಳಿ ಇಂಡಸ್ಟ್ರಿಯಲ್ ಏರಿಯಾದಲ್ಲಿ ನಕ್ಕವರು ಕಡಿಮೆಯೇನಿಲ್ಲ. ಈಗ ಅವರೇ ರೇಟ್ ಶೀಟ್ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಪಶ್ಚಿಮ ಕರಾವಳಿಯ ಒಂದು ಸರ್ಕಾರಿ ಹಡಗು ರಿಪೇರಿ ಯಾರ್ಡ್, ಹೆಸರು ಬೇಡ. ಅಲ್ಲಿನ ವಾಲ್ವ್ ಶಾಪ್, ಅಂದರೆ ಹಡಗಿನ ವಾಲ್ವ್‌ಗಳನ್ನು ಬಿಚ್ಚಿ ಸರಿಮಾಡುವ ಶೆಡ್, ನಡೆಸುವ ಗುತ್ತಿಗೆ ನಮ್ಮದು. ಶೆಡ್, ಲೇತ್, ಕ್ರೇನ್ ಸರ್ಕಾರದ್ದು. ಜನ, ಟೂಲು, ಪ್ಲಾನಿಂಗ್, ಬೈಗುಳ ನಮ್ಮದು.

ಮೊದಲ ಗುತ್ತಿಗೆ ತಲೆ ಲೆಕ್ಕದ್ದು. ದಿನಕ್ಕೆ ಇಷ್ಟು ಫಿಟ್ಟರ್, ಇಷ್ಟು ಹೆಲ್ಪರ್. ಹಾಜರಿ ತುಂಬಿದರೆ ಬಿಲ್ ಪಾಸ್. ಕೆಲಸ ಬೇಗ ಮುಗಿಸಿದರೆ ನಮಗೇ ನಷ್ಟ! ಅವಧಿ ಮುಗಿಯಿತು, ಅವರು ಮುಂದುವರಿಸಲಿಲ್ಲ.

ಎರಡನೆಯದು ಒಂದು ಹಡಗಿಗೆ ಒಂದು ಮೊತ್ತ. ಇದು ನಮ್ಮನ್ನು ಮಲಗಿಸಿಬಿಟ್ಟಿತು. ರಿಪೇರಿ ಮಾಡುವವರಿಗೆ ಗೊತ್ತಲ್ವಾ, ಬಿಚ್ಚಿದ ಮೇಲೇ ಕೆಲಸ ಬೆಳೆಯುವುದು. ಪಟ್ಟಿಯಲ್ಲಿ ಲ್ಯಾಪಿಂಗ್ (ಪೇಸ್ಟ್ ಹಚ್ಚಿ ಉಜ್ಜಿ ಸೀಟು ನಯ ಮಾಡುವುದು) ಮಾತ್ರ ಎಂದಿರುತ್ತದೆ, ಬಿಚ್ಚಿದರೆ ವಾಲ್ವ್ ತಿರುಗಿಸುವ ಸ್ಪಿಂಡಲ್ ಸವೆದು ಅರ್ಧವಾಗಿರುತ್ತದೆ. ಒಂದರಲ್ಲಿ ಯಾರೋ ಗನ್‌ಮೆಟಲ್ (ತಾಮ್ರ, ತವರ ಮುಖ್ಯವಾದ ಮಿಶ್ರಲೋಹ) ಪಿನ್ ಬದಲು ಹಿತ್ತಾಳೆಯದು ಹಾಕಿದ್ದರು. ಉಪ್ಪುನೀರು ಹಿತ್ತಾಳೆಯೊಳಗಿನ ಸತುವನ್ನೆಲ್ಲ ತಿಂದು ಗುಲಾಬಿ ಬಣ್ಣದ ತಾಮ್ರ ಉಳಿದಿತ್ತು. ಇಕ್ಕಳದಲ್ಲಿ ಹಿಡಿದರೆ ರಸ್ಕಿನ ಹಾಗೆ ಪುಡಿಯಾಯಿತು. ಹಡಗಿನ ತಳದ ವಾಲ್ವ್‌ಗಳು ಕೂರದೆ ಡ್ರೈ ಡಾಕ್‌ಗೆ, ಅಂದರೆ ನೀರು ಖಾಲಿ ಮಾಡಿ ಹಡಗು ನಿಲ್ಲಿಸಿದ ಕಟ್ಟೆಗೆ, ನೀರು ಬಿಡುವ ಹಾಗಿಲ್ಲ. ತಡವಾದರೆ ವಾರಕ್ಕೆ ಅರ್ಧ ಪರ್ಸೆಂಟ್ ಕಡಿತ. ಇನ್ನು ಬಿಲ್ಲು. ಸಣ್ಣ ಉದ್ಯಮಗಳಿಗೆ 45 ದಿನದೊಳಗೆ ದುಡ್ಡು ಕೊಡಬೇಕು ಎನ್ನುತ್ತದೆ 2006ರ ಕಾಯ್ದೆ. ನಮಗೆ ಬಂದದ್ದು ಏಳೆಂಟು ತಿಂಗಳಿಗೆ. ಹನ್ನೆರಡು ಲಕ್ಷದ ಹತ್ತಿರ ಹೋಯಿತು, ಬಡ್ಡಿ ಬೇರೆ. ಗುಬ್ಬಿ ಕಡೆಯ ತೆಂಗಿನ ತೋಟದ ಪತ್ರ ಬ್ಯಾಂಕ್ ಸೇರಿತು.

ಮೂರನೆಯ ಸಲ ದರ ವಾಲ್ವ್ ಮೇಲೆ ಕೇಳಿದೆ. ಟೆಸ್ಟ್ ಪಾಸಾದರೆ ದುಡ್ಡು, ಇಲ್ಲದಿದ್ದರೆ ಇಲ್ಲ. ಬರೀ ಲ್ಯಾಪಿಂಗ್‌ಗೆ ಒಂದು ದರ, ಸೀಟು ಸ್ಪಿಂಡಲ್ ಬದಲಿಸಿದರೆ ಇನ್ನೊಂದು, ಬಾಡಿಯೇ ಹೋಗಿದ್ದರೆ ಮತ್ತೊಂದು. ಒಳಗೆ ಮೊಬೈಲ್ ಬಿಡುವುದಿಲ್ಲ, ಫೋಟೊ ಮಾತೇ ಇಲ್ಲ. ಹಾಗಾಗಿ ಬಿಚ್ಚಿದ ದಿನವೇ ಇನ್ಸ್‌ಪೆಕ್ಟರ್ ಜೊತೆ ನಿಂತು ಚಾಕ್‌ನಲ್ಲಿ ಗುರುತು, ರಿಜಿಸ್ಟರ್‌ನಲ್ಲಿ ಇಬ್ಬರ ಸಹಿ. ವಾಲ್ವ್‌ನ ಬಾಡಿ ಮೇಲೆ ಕೆಲಸದ ಒತ್ತಡದ ಒಂದೂವರೆ ಪಟ್ಟು ಹೈಡ್ರೋ, ಅಂದರೆ ನೀರು ತುಂಬಿ ಒತ್ತಡ ಕೊಡುವ ಟೆಸ್ಟ್. ಸೀಟಿಗೆ ಬ್ಲೂ ಚೆಕ್, ಅಂದರೆ ನೀಲಿ ಬಣ್ಣ ಸವರಿ ಕೂರಿಸಿ ನೋಡುವುದು, ಮೂಡಿದ ಗೆರೆ ಎಲ್ಲೂ ತುಂಡಾಗಬಾರದು. ಮೂರು ದರಗಳ ನಡುವಿನ ಅಂತರ ಹೇಗೆ ಹಾಕಿದೆ ಎಂದು ಮಾತ್ರ ಕೇಳಬೇಡಿ, ಅದು ನನ್ನ ಅನ್ನ.

ಯೂನಿಯನ್‌ನವರು ಮೊದಲು ಗೇಟಲ್ಲೇ ಕೂತರು. ಖಾಯಂ ನೌಕರರ ಸಂಬಳ, ಬಡ್ತಿ ನಾನು ಮುಟ್ಟುವುದಿಲ್ಲ ಎಂದು ಬರೆದುಕೊಟ್ಟೆ. ಅಲ್ಲೇ ನಿವೃತ್ತರಾದ ಫಿಟ್ಟರ್‌ಗಳನ್ನು ವಾಪಸ್ ಕರೆದೆ. ವಯಸ್ಸಾದವರು ಯಾಕೆ ಎಂದರು ಕೆಲವರು. ಅವರಲ್ಲೊಬ್ಬರು ಪೇಸ್ಟ್ ಉಜ್ಜುವ ಸದ್ದು ಕೇಳಿಯೇ "ಸಾಕು, ಎತ್ತು" ಎನ್ನುತ್ತಿದ್ದರು. ನಮ್ಮ ಹುಡುಗರು ಅಲ್ಲಿಂದ ಇನ್ನರ್ಧ ಗಂಟೆ ಉಜ್ಜಿ ಕೆಡಿಸುವವರು.

ಬ್ರಿಟನ್‌ನವರು 1987ರಲ್ಲೇ ಡೆವನ್‌ಪೋರ್ಟ್, ರೋಸೈತ್ ನೌಕಾ ಯಾರ್ಡ್‌ಗಳನ್ನು ನಡೆಸಲು ಖಾಸಗಿಯವರಿಗೆ ಕೊಟ್ಟಿದ್ದರು. ಆಸ್ತಿ ಸರ್ಕಾರದ್ದೇ. 1997ರಲ್ಲಿ ಅದನ್ನೂ ಮಾರಿದರು. ನನಗೆ ಮೊದಲನೆಯ ಭಾಗ ಇಷ್ಟ, ಎರಡನೆಯದು ಅಲ್ಲ. ಡಾಕ್ ಕೈಗೆ ಬಂದರೆ ಅದರ ಖರ್ಚೂ ಬರುತ್ತದಲ್ಲ!

ಸುಮ್ನೆ ಇನ್ನೊಂದು. ತುಮಕೂರಿನ ಶೆಡ್‌ನಲ್ಲಿ ಉಪ್ಪುನೀರಿನ ಬಕೆಟ್‌ನಲ್ಲಿ ತುಣುಕುಗಳನ್ನು ನೆನೆಹಾಕಿದ್ದೇನೆ. 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಬೋಲ್ಟ್ ಹೊರಗೆ ಫಳಫಳ, ರಬ್ಬರ್ ವಾಷರ್ ಅಡಿಯಲ್ಲಿ ಸಣ್ಣ ಸಣ್ಣ ಗುಂಡಿ. ಗನ್‌ಮೆಟಲ್ ಹಸಿರಾಯಿತು, ಅಷ್ಟೇ. ಸಣ್ಣ ವಾಲ್ವ್‌ಗಳನ್ನು ಇಲ್ಲಿಗೇ ತಂದು ಲ್ಯಾಪ್ ಮಾಡಿಸಿಯೂ ನೋಡಿದೆ. ಲಾರಿ ಬಾಡಿಗೆ, ಗೇಟ್ ಪಾಸ್ ಸೇರಿ ಗಿಟ್ಟಲಿಲ್ಲ.

ಮೊದಲ ಟೆಸ್ಟ್‌ನಲ್ಲೇ ಪಾಸಾಗುವುದು ಹಿಂದೆ ನೂರಕ್ಕೆ ಅರವತ್ತೇನೋ ಇತ್ತು, ಈಗ ತೊಂಬತ್ತರ ಆಚೆ ಈಚೆ. ಖರ್ಚು ಕಳೆದು ನೂರಕ್ಕೆ ಹನ್ನೊಂದೋ ಹನ್ನೆರಡೋ ಉಳಿಯುತ್ತದೆ. ಪಂಪ್ ಶಾಪ್‌ಗೂ ಟೆಂಡರ್ ಬರುತ್ತದಂತೆ, ಅಲ್ಲೂ ಮೂರು ದರವೇ ಹಾಕುತ್ತೇನೆ. ಎರಡನೇ ಗುತ್ತಿಗೆಯ ಡಿಪಾಸಿಟ್ ಮಾತ್ರ ಇನ್ನೂ ಬಂದಿಲ್ಲ, ಪತ್ರ ಬರೆಯುತ್ತಲೇ ಇದ್ದೇನೆ.