ಅಂತರ್ಜಾಲದ ಆಕರ: ನಂಬುವ ಮುನ್ನ ಮೂಲ ಹುಡುಕುವುದು ಹೇಗೆ?

ಹಲ್ಮಿಡಿ ಶಾಸನದ ಕಾಲ ಯಾವುದೆಂದು ಗೂಗಲ್‌ನಲ್ಲಿ ಹುಡುಕಿದರೆ ಹತ್ತಾರು ತಾಣಗಳು ‘ಕ್ರಿ.ಶ. 450’ ಎಂದು ಒಂದೇ ದನಿಯಲ್ಲಿ ಹೇಳುತ್ತವೆ. ಆದರೆ ಆ ಶಾಸನದಲ್ಲಿ ಇಸವಿಯೇ ಇಲ್ಲ. ಅದು ಲಿಪಿ, ಭಾಷೆ ಮತ್ತು ಅಲ್ಲಿ ಬರುವ ಕದಂಬ ಅರಸನ ಹೆಸರನ್ನು ಆಧರಿಸಿ ವಿದ್ವಾಂಸರು ಅಂದಾಜು ಮಾಡಿದ ಕಾಲವಾಗಿದ್ದು, ಅದರ ಬಗ್ಗೆ ಭಿನ್ನಾಭಿಪ್ರಾಯಗಳೂ ಇವೆ. ಹತ್ತು ತಾಣಗಳ ಮಾತು ಒಂದೇ ಆಗಿದ್ದರೆ ಅವು ಹತ್ತು ಸಾಕ್ಷ್ಯಗಳೆಂದು ಎಣಿಸಬಾರದು. ಎಲ್ಲವೂ ಒಂದೇ ಕಡೆಯಿಂದ ನಕಲಾಗಿರುವ ಸಾಧ್ಯತೆಯೇ ಹೆಚ್ಚು.

ಆದ್ದರಿಂದ ಮೊದಲ ಕೆಲಸ, ಪ್ರಶ್ನೆಯನ್ನು ಕಿರಿದಾಗಿಸುವುದು. ‘ಹಲ್ಮಿಡಿ ಶಾಸನ’ ಎಂದಷ್ಟೇ ಹುಡುಕುವ ಬದಲು ‘ಅದರ ಕಾಲನಿರ್ಣಯಕ್ಕೆ ಆಧಾರವೇನು’ ಎಂದು ಕೇಳಿಕೊಂಡರೆ ಬೇಡದ ಪುಟಗಳು ತಾವಾಗಿಯೇ ದೂರವಾಗುತ್ತವೆ.

ಎರಡನೆಯದು, ಹುಡುಕುವ ಜಾಗ. ವಿಕಿಪೀಡಿಯವನ್ನು ಓದಬಾರದೆಂದೇನಿಲ್ಲ, ಓದಿ, ಕೊನೆಯಲ್ಲಿರುವ ಅಡಿಟಿಪ್ಪಣಿಗಳನ್ನು ಹಿಡಿದು ಮುಂದಕ್ಕೆ ಹೋಗಬೇಕು, ಅದನ್ನೇ ಆಕರವೆಂದು ನಮೂದಿಸಬಾರದು. ಗೂಗಲ್ ಸ್ಕಾಲರ್‌ನಲ್ಲಿ ಲೇಖನಗಳೂ, ವಿಶ್ವವಿದ್ಯಾಲಯಗಳ ಗ್ರಂಥಾಲಯಗಳನ್ನು ಜೋಡಿಸುವ ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸುವ ಶೋಧಗಂಗಾದಲ್ಲಿ ಭಾರತೀಯ ವಿಶ್ವವಿದ್ಯಾಲಯಗಳ ಪಿಎಚ್.ಡಿ. ಪ್ರಬಂಧಗಳೂ ಸಿಗುತ್ತವೆ. ಕನ್ನಡದಲ್ಲಿ ಹುಡುಕುವವರಿಗೆ ಇಲ್ಲೊಂದು ತೊಡಕಿದೆ: ಯುನಿಕೋಡ್ ಅಲ್ಲದ ಹಳೆಯ ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಅಕ್ಷರಗಳಲ್ಲಿ ಬೆರಳಚ್ಚಾದ ಕಡತಗಳೂ, ಬರಿಯ ಚಿತ್ರವಾಗಿ ಸ್ಕ್ಯಾನ್ ಆದ ಪುಟಗಳೂ ಪದ ಕೊಟ್ಟು ಹುಡುಕಿದರೆ ಕಾಣಿಸುವುದಿಲ್ಲ. ಸಿಗಲಿಲ್ಲವೆಂದರೆ ಇಲ್ಲವೆಂದು ತೀರ್ಮಾನಿಸದೆ, ಶೀರ್ಷಿಕೆ ಮತ್ತು ಲೇಖಕರ ಹೆಸರನ್ನು ರೋಮನ್ ಲಿಪಿಯಲ್ಲಿಯೂ ಕೊಟ್ಟು ನೋಡಬೇಕು. ಪ್ರಬಂಧವೊಂದು ಸಿಕ್ಕಿದರೆ ಅದರ ಗ್ರಂಥಸೂಚಿಯನ್ನು ಮೊದಲು ಓದುವುದು ಲಾಭದಾಯಕ. ಎಷ್ಟೋ ಸಲ ಪ್ರಬಂಧಕ್ಕಿಂತ ಅದೇ ಹೆಚ್ಚು ಉಪಯುಕ್ತವಾಗಿರುತ್ತದೆ.

ಮೂರನೆಯದೇ ಎಲ್ಲಕ್ಕಿಂತ ಮುಖ್ಯವಾದದ್ದು: ಹೇಳಿಕೆಯ ಜಾಡನ್ನು ಹಿಂದಕ್ಕೆ ಹಿಡಿದು ಹೋಗುವುದು. ಹಲ್ಮಿಡಿಯ ವಿಷಯದಲ್ಲಿ ಆ ಜಾಡು ಎಂ.ಎಚ್. ಕೃಷ್ಣ ಅವರು ನಿರ್ದೇಶಕರಾಗಿದ್ದಾಗ ಮೈಸೂರು ಪುರಾತತ್ವ ಇಲಾಖೆ ಪ್ರಕಟಿಸಿದ 1936ರ ವಾರ್ಷಿಕ ವರದಿಗೆ ತಲುಪುತ್ತದೆ. ಇಂತಹ ಹಳೆಯ ವರದಿಗಳನ್ನೂ ಶಾಸನಗಳ ಸಂಗ್ರಹವಾದ ಎಪಿಗ್ರಾಫಿಯಾ ಕರ್ನಾಟಿಕಾದ ಸಂಪುಟಗಳನ್ನೂ ಇಂಟರ್ನೆಟ್ ಆರ್ಕೈವ್‌ನಲ್ಲಿ ಹುಡುಕಬಹುದು. ಮೂಲ ಪಾಠವನ್ನು ಓದಿದ ಮೇಲೆ, ಆನಂತರದ ವಿದ್ವಾಂಸರು ಅದನ್ನು ಎಲ್ಲಿ ಒಪ್ಪಿದ್ದಾರೆ, ಎಲ್ಲಿ ಪ್ರಶ್ನಿಸಿದ್ದಾರೆ ಎಂಬುದನ್ನು ನೋಡಬೇಕು. ಗೂಗಲ್ ಸ್ಕಾಲರ್‌ನಲ್ಲಿ ಉಲ್ಲೇಖಗೊಂಡ ಲೇಖನದ ಕೆಳಗೆ ಕಾಣುವ ‘ಸೈಟೆಡ್ ಬೈ’ ಕೊಂಡಿ ಇದಕ್ಕೆ ನೆರವಾಗುತ್ತದೆ. ಆದರೆ ಹೆಚ್ಚು ಉಲ್ಲೇಖಗೊಂಡದ್ದೆಲ್ಲ ಸರಿಯೆಂದಲ್ಲ, ಖಂಡಿಸುವವರೂ ಉಲ್ಲೇಖಿಸುತ್ತಾರೆ.

ಇನ್ನು ನಿಯತಕಾಲಿಕದ ಪರೀಕ್ಷೆ. ಐಎಸ್ಎಸ್ಎನ್ ಸಂಖ್ಯೆ ಗುಣಮಟ್ಟದ ಮುದ್ರೆಯಲ್ಲ, ಅದು ಕೇವಲ ಗುರುತಿನ ಸಂಖ್ಯೆ. ಹಣ ಕಟ್ಟಿದರೆ ಕೆಲವೇ ದಿನಗಳಲ್ಲಿ ಪ್ರಕಟಿಸುತ್ತೇವೆಂದು ಮಿಂಚಂಚೆ ಕಳುಹಿಸುವ, ಎಂಜಿನಿಯರಿಂಗ್‌ನಿಂದ ಸಾಹಿತ್ಯದವರೆಗೆ ಎಲ್ಲವನ್ನೂ ಒಂದೇ ಸಂಚಿಕೆಯಲ್ಲಿ ತುಂಬುವ ಪತ್ರಿಕೆಗಳ ಬಗ್ಗೆ ಅನುಮಾನವಿರಲಿ. ಹೆಸರಾಂತ ಪತ್ರಿಕೆಯ ಹೆಸರನ್ನೇ ಕದ್ದು ನಡೆಸುವ ನಕಲಿ ತಾಣಗಳೂ ಇವೆ. ಒಪ್ಪಿತ ಪತ್ರಿಕೆಗಳನ್ನು ಹೆಸರಿಸುತ್ತಿದ್ದ ಯುಜಿಸಿ-ಕೇರ್ ಪಟ್ಟಿಯನ್ನು 2025ರಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗವೇ (ಯುಜಿಸಿ) ಕೈಬಿಟ್ಟಿರುವುದರಿಂದ, ಸಂಪಾದಕ ಮಂಡಳಿಯಲ್ಲಿರುವವರು ನಿಜಕ್ಕೂ ಆ ವಿಷಯದ ತಜ್ಞರೇ ಎಂಬುದನ್ನು ಅವರ ವಿಶ್ವವಿದ್ಯಾಲಯದ ಪುಟದಲ್ಲಿ ನಾವೇ ನೋಡಿಕೊಳ್ಳಬೇಕಾಗಿದೆ.

ಪತ್ರಿಕೆ ದೊಡ್ಡದಾಗಿದ್ದ ಮಾತ್ರಕ್ಕೆ ಪರಿಶೀಲನೆ ಮುಗಿಯುವುದಿಲ್ಲ. ಕೋವಿಡ್ ರೋಗಿಗಳಿಗೆ ಹೈಡ್ರಾಕ್ಸಿಕ್ಲೋರೋಕ್ವಿನ್ ನೀಡುವ ಕುರಿತು 2020ರ ಮೇ ತಿಂಗಳಲ್ಲಿ ‘ದಿ ಲ್ಯಾನ್ಸೆಟ್’ನಲ್ಲಿ ಬಂದ ಲೇಖನವನ್ನು, ಅದರ ದತ್ತಾಂಶವನ್ನು ಪರಿಶೀಲಿಸಲಾಗದೆ, ಜೂನ್ ಮೊದಲ ವಾರದಲ್ಲೇ ಹಿಂಪಡೆಯಲಾಯಿತು. ಹೀಗೆ ಹಿಂಪಡೆದ ಲೇಖನಗಳನ್ನು ರಿಟ್ರ್ಯಾಕ್ಷನ್ ವಾಚ್ ದತ್ತಸಂಚಯದಲ್ಲಿ ಉಚಿತವಾಗಿ ಹುಡುಕಬಹುದು.

ಚಾಟ್‌ಜಿಪಿಟಿಯಂತಹ ಸಾಧನಗಳು ಕೊಡುವ ಗ್ರಂಥಸೂಚಿಯಲ್ಲಿ ಎಂದೂ ಬರೆಯದ ಲೇಖನಗಳು ಸೇರಿರಬಹುದು. ಲೇಖನದ ಶಾಶ್ವತ ಕೊಂಡಿಯಾದ ಡಿಒಐ ಸಂಖ್ಯೆ ತೆರೆಯುತ್ತದೆಯೇ, ತೆರೆದ ಪುಟದಲ್ಲಿ ಅದೇ ಶೀರ್ಷಿಕೆ ಇದೆಯೇ ಎಂದು ನೋಡದೆ ಒಂದನ್ನೂ ಪಟ್ಟಿಗೆ ಸೇರಿಸಬಾರದು.

ಬಳಸಿದ ಪುಟದ ಪೂರ್ಣ ವಿಳಾಸವನ್ನೂ ನೋಡಿದ ದಿನಾಂಕವನ್ನೂ ಅಂದೇ ಬರೆದಿಟ್ಟುಕೊಂಡು, ಜಾಲಪುಟಗಳ ಪ್ರತಿಗಳನ್ನು ಕಾಪಿಡುವ ವೇಬ್ಯಾಕ್ ಮಷೀನ್‌ನಲ್ಲಿ ಒಂದು ಪ್ರತಿಯನ್ನು ಉಳಿಸಬೇಕು. ಪ್ರಬಂಧವು ಪರೀಕ್ಷಕರ ಕೈ ಸೇರುವ ಹೊತ್ತಿಗೆ ಆ ತಾಣವೇ ಇಲ್ಲದಿರಬಹುದು.