‘ನನಗೆ’ ಇದ್ದಲ್ಲಿ ‘ಗೆಟ್’

ಹಾಸನದಲ್ಲಿ ಸಂಜೆ ಹೊತ್ತು ಇಂಗ್ಲಿಷ್ ಮಾತನಾಡಲು ಕಲಿಸುತ್ತೇನೆ. ಬರುವವರೆಲ್ಲ ದುಡಿಯುವವರು: ಬೇಲೂರು, ಹಳೇಬೀಡಿಗೆ ಪ್ರವಾಸಿಗರನ್ನು ಕರೆದೊಯ್ಯುವ ಟ್ಯಾಕ್ಸಿ ಚಾಲಕರು, ಅಂಗಡಿಯವರು, ಹೊಲಿಗೆ ಕಲಿತ ಹೆಣ್ಣುಮಕ್ಕಳು. ಇವರಿಗೆ ‘ಗೆಟ್’ ಎಂಬ ಕ್ರಿಯಾಪದವನ್ನು ಹೇಳಿಕೊಟ್ಟ ಬಗೆ ಇದು.

ನಿಘಂಟು ತೆರೆದರೆ ಸಿಗು, ಪಡೆ, ಆಗು, ತಲುಪು, ಅರ್ಥವಾಗು ಎಂದು ಪಟ್ಟಿ ಬೆಳೆಯುತ್ತಲೇ ಹೋಗುತ್ತದೆ. ಇಂಗ್ಲಿಷಿನ ಪುಟ್ಟ ಕ್ರಿಯಾಪದಗಳ ಜಾಯಮಾನವೇ ಅಂಥದ್ದು. ಆಕ್ಸ್‌ಫರ್ಡ್ ನಿಘಂಟುಕಾರರು ‘ರನ್’ ಒಂದಕ್ಕೇ 645 ಅರ್ಥ ಗುರುತಿಸಿದ್ದಾರೆ. ಪಟ್ಟಿಯನ್ನು ಬಾಯಿಪಾಠ ಮಾಡಿದವರಿಗೂ ಗಿರಾಕಿ ಎದುರು ನಿಂತಾಗ ಮಾತು ಹೊರಡುವುದಿಲ್ಲ.

ಹಾಗಾಗಿ ಕನ್ನಡದಿಂದ ಹೊರಟೆ. ‘ನನಗೆ’ ಎಂದು ಆರಂಭವಾಗುವ ವಾಕ್ಯಗಳನ್ನು ಹೇಳಿ ಎಂದರೆ ಎಲ್ಲರ ಬಾಯಿಂದಲೂ ಬಂದವು. ನನಗೆ ಕೆಲಸ ಸಿಕ್ಕಿತು, ನನಗೆ ಕೋಪ ಬಂತು, ನನಗೆ ನೆಗಡಿ ಆಯಿತು, ನನಗೆ ಅರ್ಥವಾಯಿತು. ಕನ್ನಡದಲ್ಲಿ ಸಿಕ್ಕಿದ್ದು ಕೆಲಸ, ಬಂದದ್ದು ಕೋಪ. ನಾನು ಸುಮ್ಮನೆ ಪಕ್ಕದಲ್ಲಿ ಕುಳಿತವನು. ಇಂಗ್ಲಿಷ್ ನನ್ನನ್ನು ಎಳೆದು ವಾಕ್ಯದ ತಲೆಗೆ ಕೂರಿಸಿ, ಕೈಗೆ ‘ಗೆಟ್’ ಕೊಡುತ್ತದೆ: ಐ ಗಾಟ್ ಎ ಜಾಬ್, ಐ ಗಾಟ್ ಆಂಗ್ರಿ, ಐ ಗಾಟ್ ಎ ಕೋಲ್ಡ್, ಐ ಗಾಟ್ ಇಟ್. ನಾಲ್ಕು ಅರ್ಥಗಳು ಒಂದೇ ಅಚ್ಚಿನಲ್ಲಿ ಬಂದವು.

“ಹಾಗಾದರೆ ನನಗೆ ಇಬ್ಬರು ಮಕ್ಕಳು ಎನ್ನುವುದಕ್ಕೆ, ಸರ್?” ಎಂದರು ಒಬ್ಬ ಚಾಲಕರು. ಒಳ್ಳೆಯ ಪ್ರಶ್ನೆ. ಹೊಸದಾಗಿ ಏನಾದರೂ ಆಗಿದ್ದರೆ, ಬಂದಿದ್ದರೆ ಮಾತ್ರ ಈ ಸೂತ್ರ. ಮೊದಲೇ ಇರುವುದಕ್ಕೆ ‘ಐ ಹ್ಯಾವ್’. ಬ್ರಿಟಿಷರು ಅಲ್ಲಿಯೂ ‘ಐ ಹ್ಯಾವ್ ಗಾಟ್’ ಎನ್ನುತ್ತಾರೆ, ಆದರೆ ಅದನ್ನು ಆಮೇಲೆ ಕಲಿತರಾಯಿತು. ನನಗೆ ಗೊತ್ತು, ನನಗೆ ಇಷ್ಟ ಎಂಬವೂ ಈ ಸಾಲಿಗೆ ಸೇರುವುದಿಲ್ಲ.

ಸೂತ್ರ ‘ನಾನು’, ‘ನಾವು’ಗಳಿಗೂ ಹಬ್ಬಿತು. ಶಿರಾಡಿ ಘಾಟಿಯಲ್ಲಿ ಸಿಕ್ಕಿಕೊಂಡೆವು, ವಿ ಗಾಟ್ ಸ್ಟಕ್. ಮಳೆಗಾಲದಲ್ಲಿ ನಮ್ಮ ಚಾಲಕರಿಗೆ ಇದಕ್ಕಿಂತ ಉಪಯುಕ್ತವಾದ ವಾಕ್ಯವಿಲ್ಲ. ಊರು ತಲುಪಿದರೆ ‘ಟು’ ಸೇರಿಸಬೇಕು: ವಿ ಗಾಟ್ ಟು ಬೇಲೂರು.

ನನಗೆ ಅತ್ಯಂತ ಖುಷಿ ಕೊಟ್ಟದ್ದು ನಮ್ಮ ‘ಇಸು’ ಪ್ರತ್ಯಯ. ಕೊರೆ, ಕೊರೆಸು, ಹೊಲಿ, ಹೊಲಿಸು. ನಾನೇ ಮಾಡದೆ ಬೇರೆಯವರಿಂದ ಮಾಡಿಸಿದ್ದಕ್ಕೆ ಇಂಗ್ಲಿಷಿನಲ್ಲಿ ಮತ್ತೆ ‘ಗೆಟ್’. ಬೋರ್‌ವೆಲ್ ಕೊರೆಸಿದೆ: ಐ ಗಾಟ್ ಎ ಬೋರ್‌ವೆಲ್ ಡ್ರಿಲ್ಡ್. ವಸ್ತು ಮೊದಲು, ಕ್ರಿಯಾಪದದ ಮೂರನೆಯ ರೂಪ ಕೊನೆಗೆ. ರವಿಕೆ ಹೊಲಿಸಿದ್ದು, ಗಾಡಿ ತೊಳೆಸಿದ್ದು, ಗೋಡೆಗೆ ಬಣ್ಣ ಹೊಡೆಸಿದ್ದು ಎಲ್ಲವನ್ನೂ ಹೇಳಿಸಿದೆ.

ಗೆಟ್ ಅಪ್, ಗೆಟ್ ಅವೇ, ಗೆಟ್ ಓವರ್ ಇತ್ಯಾದಿಗಳಿಗೆ ಸೂತ್ರ ಹುಡುಕಬೇಡಿ, ಬಳಸಿಯೇ ಕಲಿಯಬೇಕು. ಬಸ್ಸಿಗೆ ‘ಗೆಟ್ ಆನ್’, ಕಾರಿಗೆ ‘ಗೆಟ್ ಇನ್’ ಎಂಬಷ್ಟು ಮಾತ್ರ ಚಾಲಕರಿಗೆ ಒತ್ತಿ ಹೇಳುತ್ತೇನೆ. ಇನ್ನು ಬ್ಯಾಂಕಿಗೋ ಕಚೇರಿಗೋ ಅರ್ಜಿ ಬರೆಯುವಾಗ ‘ಗೆಟ್’ ತುಸು ಸಲಿಗೆಯ ಮಾತಾಗುತ್ತದೆ. ಅಲ್ಲಿ ‘ರಿಸೀವ್’ ಬರೆಯಿರಿ.